ವಿನ್ಯಾ ತೊಂದೋನಿಯಾ ರೆಸೆರ್ವಾ 2011: ಆರು ವರ್ಷದ ಪೀಪಾಯಿ, ನೂರು ವರ್ಷದ ತೋಟ

ಸ್ಪೇನಿನ ರಿಯೋಹಾದ ಕೆಂಪು ವೈನನ್ನು ಕೊಳ್ಳುವವರು ಸಾಮಾನ್ಯವಾಗಿ ಬಾಟಲಿಯ ಹಿಂಬದಿಗೆ ಅಂಟಿಸಿದ ಅಧಿಕೃತ ಚೀಟಿಯನ್ನು ನೋಡಿ ತೀರ್ಮಾನಕ್ಕೆ ಬರುತ್ತಾರೆ. ವೈನು ಎಷ್ಟು ಕಾಲ ಮಾಗಿದೆ ಎಂಬುದನ್ನು ಆ ಚೀಟಿ ಹೇಳುತ್ತದೆ. ಕ್ರಿಯಾನ್ಸಾ ಎಂದಿದ್ದರೆ ಕನಿಷ್ಠ ಒಂದು ವರ್ಷವನ್ನು ಓಕ್ ಪೀಪಾಯಿಯಲ್ಲಿ ಕಳೆದದ್ದು. ರೆಸೆರ್ವಾ ಎಂದಿದ್ದರೆ ಒಟ್ಟು ಮೂರು ವರ್ಷ ಮಾಗಿದ್ದು, ಅದರಲ್ಲಿ ಕನಿಷ್ಠ ಒಂದು ವರ್ಷ ಪೀಪಾಯಿಯಲ್ಲೂ ಆರು ತಿಂಗಳು ಬಾಟಲಿಯಲ್ಲೂ ಇದ್ದದ್ದು. ಗ್ರಾನ್ ರೆಸೆರ್ವಾ ಎಂದಿದ್ದರೆ ಐದು ವರ್ಷ ಮಾಗಿದ್ದು, ಅದರಲ್ಲಿ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿ, ಎರಡು ವರ್ಷ ಬಾಟಲಿಯಲ್ಲಿ ಇದ್ದದ್ದು. ಈ ಲೆಕ್ಕದಲ್ಲಿ ವಿನ್ಯಾ ತೊಂದೋನಿಯಾ ರೆಸೆರ್ವಾ ನಡುವಿನ ದರ್ಜೆಯ ವೈನು. ಆದರೆ ಇದನ್ನು ತಯಾರಿಸುವ ಆರೋ ಪಟ್ಟಣದ ಲೋಪೆಸ್ ದೆ ಎರೆದಿಯಾ ಸಂಸ್ಥೆಯವರು ಇದನ್ನು ಪೀಪಾಯಿಯಲ್ಲಿ ಇಡುವುದು ಸುಮಾರು ಆರು ವರ್ಷ. ಅಂದರೆ ಮೇಲಿನ ದರ್ಜೆಯ ಗ್ರಾನ್ ರೆಸೆರ್ವಾಕ್ಕೆ ನಿಯಮ ಕೇಳುವುದರ ಮೂರು ಪಟ್ಟು. ಅದಾದ ಮೇಲೆ ಬಾಟಲಿಯಲ್ಲಿ ಮತ್ತೆ ಹಲವು ವರ್ಷ. 2011ರಲ್ಲಿ ಕೊಯ್ದ ದ್ರಾಕ್ಷಿಯ ವೈನು ಮಾರುಕಟ್ಟೆಗೆ ಬರುವ ಹೊತ್ತಿಗೆ ಹತ್ತು ವರ್ಷ ದಾಟಿಯೇ ಹೋಗಿತ್ತು.

ಇಷ್ಟು ಕಾಲ ಮರದೊಳಗಿದ್ದ ವೈನು ಮರದ ರುಚಿಯನ್ನೇ ಹೊತ್ತು ಬರಬೇಕು ಎಂದು ಯಾರಾದರೂ ಊಹಿಸುವುದು ಸಹಜ. ಈ ವೈನಿನ ವಿಶೇಷವಿರುವುದು ಆ ಊಹೆ ಸುಳ್ಳಾಗುವಲ್ಲಿ. ಓಕ್ ಇಲ್ಲಿ ಮಸಾಲೆಯಾಗಿ ಬಳಕೆಯಾಗಿಲ್ಲ, ಪಾತ್ರೆಯಾಗಿ ಬಳಕೆಯಾಗಿದೆ. ಆರು ವರ್ಷದ ಆ ವಾಸವನ್ನು ತಡೆದುಕೊಂಡು ಇನ್ನೂ ಹುರುಪು ಉಳಿಸಿಕೊಳ್ಳುವ ಶಕ್ತಿ ಈ ವೈನಿಗೆ ಬಂದದ್ದು ಪೀಪಾಯಿಯಿಂದಲ್ಲ, ಎಬ್ರೋ ನದಿಯ ತಿರುವಿನಲ್ಲಿರುವ ಒಂದು ತೋಟದಿಂದ. ಬಾಟಲಿಯ ಚೀಟಿ ಪೀಪಾಯಿಯ ಮಾತನ್ನಷ್ಟೇ ಹೇಳುವುದರಿಂದ ತೋಟದ ಮಾತನ್ನು ಇಲ್ಲಿ ತುಸು ಹೆಚ್ಚೇ ಹೇಳಬೇಕಾಗಿದೆ.

ಮೊದಲು ವೈನಿನ ವಿಚಾರ. ಲೋಟಕ್ಕೆ ಸುರಿದಾಗ ಕಣ್ಣಿಗೆ ಬೀಳುವುದು ಕಡುನೇರಳೆಯಲ್ಲ; ಮಾಣಿಕ್ಯದ ಕೆಂಪು, ಅಂಚಿಗೆ ಬರುಬರುತ್ತ ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಕೊನೆಯ ಎಳೆಯಲ್ಲಿ ತೆಳುವಾದ ಕಿತ್ತಳೆ. ಲೋಟದ ಹಿಂದೆ ಮುದ್ರಿತ ಹಾಳೆಯೊಂದನ್ನು ಹಿಡಿದರೆ ದಪ್ಪ ಅಕ್ಷರಗಳನ್ನು ಓದಬಹುದಾದಷ್ಟು ಪಾರದರ್ಶಕ. ಬಾಟಲಿ ತೆರೆದ ಕೂಡಲೇ ಬರುವ ಮೊದಲ ವಾಸನೆ ಅಷ್ಟೇನೂ ಹಿತವಲ್ಲ. ಮುಚ್ಚಿಟ್ಟ ಪೆಟ್ಟಿಗೆಯ, ಹಳೆಯ ತೊಗಲಿನ, ತುಸು ತೇವಗೊಂಡ ಮರದ ನೆನಪು ತರುತ್ತದೆ. ಅರ್ಧ ಗಂಟೆ ಬಿಟ್ಟರೆ ಅದು ಹೋಗಿ, ಒಣಗಿದ ಚೆರ್ರಿ, ಕಿತ್ತಳೆಯ ಸಿಪ್ಪೆ, ಒಣ ಹೊಗೆಸೊಪ್ಪು, ಸ್ವಲ್ಪ ಲವಂಗ, ಅದರ ಹಿಂದೆ ಬಹಳ ದೂರದಲ್ಲಿ ವೆನಿಲಾ ಮತ್ತು ತೆಂಗಿನಕಾಯಿಯ ಸುಳಿವು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಎರಡು ಗಂಟೆಯ ಹೊತ್ತಿಗೆ ಒಣಹಣ್ಣಿನ ಜಾಗದಲ್ಲಿ ಹಸಿ ಹಣ್ಣಿನ ಘಮ ಮೇಲೆ ಬರುತ್ತದೆ. ಹೊತ್ತು ಕಳೆದಂತೆ ವೈನು ಎಳೆಯದಾಗುತ್ತಿದೆಯೇನೋ ಎನ್ನಿಸುವ ಈ ತಿರುವು ನನಗೆ ಬಹಳ ಇಷ್ಟವಾಯಿತು.

ಬಾಯಿಗೆ ಬಂದಾಗ ಮೊದಲು ಎದುರಾಗುವುದು ಹುಳಿ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು, ಏಕೆಂದರೆ ಈ ವೈನನ್ನು ಮೆಚ್ಚುವುದೂ ಬಿಡುವುದೂ ಈ ಹುಳಿಯ ಮೇಲೆಯೇ ನಿಂತಿದೆ. ಅದು ನಾಲಗೆಯ ಎರಡೂ ಬದಿಯಲ್ಲಿ ನೀರೂರಿಸುವಂಥ, ಗೆರೆ ಎಳೆದಂತೆ ನೇರವಾದ ಹುಳಿ. ಒಗರು ಇದೆ, ಆದರೆ ಮೊನೆಗಳೆಲ್ಲ ಸವೆದು ನಯವಾಗಿದೆ. ಒಸಡಿಗೆ ಅಂಟಿ ಹಿಡಿಯದೆ ಸಣ್ಣಗೆ ತಾಗಿ ಸರಿಯುತ್ತದೆ. ಆಲ್ಕೋಹಾಲು ಶೇಕಡಾ 13ರ ಆಸುಪಾಸು, ಹಾಗಾಗಿ ಗಂಟಲಲ್ಲಿ ಬಿಸಿ ಇಲ್ಲ. 2011 ರಿಯೋಹಾದಲ್ಲಿ ಬಿಸಿಲು ಹೆಚ್ಚಿದ್ದ, ಮಳೆ ಕಡಿಮೆಯಾದ ವರ್ಷ. ಪ್ರಾಂತ್ಯದ ನಿಯಂತ್ರಣ ಮಂಡಳಿ ಆ ವರ್ಷದ ಬೆಳೆಗೆ ತನ್ನ ಅತ್ಯುನ್ನತ ಶ್ರೇಣಿಯನ್ನು ಕೊಟ್ಟಿತು. ಆ ಬಿಸಿಲು ಇಲ್ಲಿ ಕಾಣಿಸುವುದು ಸಿಹಿಯಾಗಿಯಲ್ಲ, ನಡುಭಾಗದ ತುಂಬುತನವಾಗಿ. ತೊಂದೋನಿಯಾದ ತಂಪು ವರ್ಷಗಳ ವೈನು ತೆಳ್ಳಗೆ, ಬಿಗಿಯಾಗಿ ಇರುತ್ತದೆ. ಇದು ಅದಕ್ಕಿಂತ ಸ್ವಲ್ಪ ಮೈತುಂಬಿಕೊಂಡದ್ದು. ನುಂಗಿದ ಮೇಲೆ ಚೆರ್ರಿ ಮೊದಲು ಹೋಗುತ್ತದೆ, ಹೊಗೆಸೊಪ್ಪು ಆಮೇಲೆ ಹೋಗುತ್ತದೆ, ಕೊನೆಯವರೆಗೆ ಉಳಿಯುವುದು ಕಿತ್ತಳೆ ಸಿಪ್ಪೆಯ ಸಣ್ಣ ಕಹಿ.

ಆರು ವರ್ಷ ಓಕಿನಲ್ಲಿದ್ದೂ ವೆನಿಲಾ ಅಷ್ಟು ದೂರದಲ್ಲೇಕೆ ಉಳಿಯಿತು ಎಂಬುದಕ್ಕೆ ಉತ್ತರ ಪೀಪಾಯಿಯ ವಯಸ್ಸಿನಲ್ಲಿದೆ. ಹೊಸ ಪೀಪಾಯಿಯ ಹಲಗೆಯನ್ನು ಬಾಗಿಸುವಾಗ ಬೆಂಕಿಯ ಕಾವು ಕೊಡುತ್ತಾರೆ. ಆ ಕಾವಿಗೆ ಮರದ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ಅಮೆರಿಕದ ಬಿಳಿ ಓಕ್ ಮರದಲ್ಲಿ ತೆಂಗಿನಕಾಯಿಯ ಘಮ ಕೊಡುವ ಲ್ಯಾಕ್ಟೋನ್‌ಗಳು ಫ್ರಾನ್ಸಿನ ಓಕಿಗಿಂತ ಹೆಚ್ಚು. ಮೊದಲ ಕೆಲವು ಸಲ ತುಂಬಿದ ವೈನು ಇವನ್ನೆಲ್ಲ ಹೀರಿಕೊಂಡು ಹೋಗುತ್ತದೆ. ಆಮೇಲೆ ಪೀಪಾಯಿಯಲ್ಲಿ ಉಳಿಯುವುದು ಅದರ ಉಸಿರಾಟ ಮಾತ್ರ. ಹಲಗೆಗಳ ಮೂಲಕ, ಸಂದುಗಳ ಮೂಲಕ ಅತಿ ಸ್ವಲ್ಪ ಆಮ್ಲಜನಕ ಒಳಗೆ ಬರುತ್ತದೆ, ಅತಿ ಸ್ವಲ್ಪ ವೈನು ಆವಿಯಾಗಿ ಹೊರಗೆ ಹೋಗುತ್ತದೆ. ಒಳಬಂದ ಆಮ್ಲಜನಕದ ನೆರವಿನಿಂದ ಒಗರಿನ ಅಣುಗಳೂ ಬಣ್ಣದ ಅಣುಗಳೂ ಒಂದಕ್ಕೊಂದು ಜೋಡಿಸಿಕೊಂಡು ದೊಡ್ಡದಾಗುತ್ತವೆ, ಕೆಲವು ಗಸಿಯಾಗಿ ತಳಕ್ಕಿಳಿಯುತ್ತವೆ. ನೇರಳೆ ಹೋಗಿ ಇಟ್ಟಿಗೆಗೆಂಪು ಬರುವುದೂ ಒಗರು ನಯವಾಗುವುದೂ ಇದರಿಂದಲೇ. ಲೋಪೆಸ್ ದೆ ಎರೆದಿಯಾದವರು ಅಮೆರಿಕದ ಓಕನ್ನು ಮರವಾಗಿಯೇ ತರಿಸಿಕೊಂಡು ಒಣಗಿಸಿ, 225 ಲೀಟರಿನ ಪೀಪಾಯಿಗಳನ್ನು ತಮ್ಮದೇ ಕಾರ್ಯಾಗಾರದಲ್ಲಿ, ತಮ್ಮದೇ ಕುಶಲಕರ್ಮಿಗಳಿಂದ ಮಾಡಿಸುತ್ತಾರೆ. ಒಮ್ಮೆ ಮಾಡಿದ ಪೀಪಾಯಿಯನ್ನು ದುರಸ್ತಿ ಮಾಡುತ್ತ ಬಹಳ ವರ್ಷ ಬಳಸುತ್ತಾರೆ. ಹೊಸತನ್ನು ಮೆರೆಸುವ ಉದ್ದೇಶವಿಲ್ಲದವರಿಗೆ ಸ್ವಂತ ಪೀಪಾಯಿ ಕಾರ್ಯಾಗಾರ ಏಕೆ ಬೇಕು ಎಂದರೆ, ಹಳೆಯದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದಕ್ಕೆ.

ಈ ಆರು ವರ್ಷವೆಂದರೆ ಪೀಪಾಯಿ ತುಂಬಿಸಿ ಬಾಗಿಲು ಹಾಕಿಕೊಂಡು ಹೋಗುವುದಲ್ಲ. ವರ್ಷಕ್ಕೆ ಎರಡು ಸಲದಂತೆ ವೈನನ್ನು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಕೈಯಿಂದಲೇ ಇಳಿಸುತ್ತಾರೆ. ತಳದ ಗಸಿ ಹಿಂದೆ ಉಳಿಯುತ್ತದೆ. ಇಳಿಸುವಾಗ ಹರಿಯುವ ವೈನಿಗೆ ದೀಪದ ಬೆಳಕು ಹಿಡಿದು, ಅದು ಮಬ್ಬಾದ ಕ್ಷಣಕ್ಕೆ ನಿಲ್ಲಿಸುವುದು ರಿಯೋಹಾದ ಹಳೆಯ ಪದ್ಧತಿ. ಬಾಟಲಿಗೆ ತುಂಬುವ ಮೊದಲು ಮೊಟ್ಟೆಯ ಬಿಳಿಯನ್ನು ನೊರೆಗೂಡಿಸಿ ಬೆರೆಸುತ್ತಾರೆ. ಅದರ ಪ್ರೋಟೀನು ಉಳಿದ ಒರಟು ಒಗರಿಗೆ ಅಂಟಿಕೊಂಡು ತಳಕ್ಕೆ ಎಳೆದೊಯ್ಯುತ್ತದೆ. ಯಂತ್ರದ ಸೋಸುವಿಕೆ ಇಲ್ಲ. ಹುದುಗುವಿಕೆ ನಡೆಯುವುದು ಕೂಡ ದೊಡ್ಡ ಓಕ್ ತೊಟ್ಟಿಗಳಲ್ಲಿ, ತೋಟದಿಂದಲೂ ಕಟ್ಟಡದಿಂದಲೂ ತಾನಾಗಿ ಬಂದ ಯೀಸ್ಟಿನಿಂದ. ಬಂಡೆ ಕೊರೆದು ಮಾಡಿದ ನೆಲಮಾಳಿಗೆ ವರ್ಷವಿಡೀ ಒಂದೇ ತಂಪಿನಲ್ಲಿರುತ್ತದೆ; ಗೋಡೆಗಳ ಮೇಲೆ ದಪ್ಪನೆಯ ಬೂಷ್ಟು, ಮೂಲೆಮೂಲೆಗಳಲ್ಲಿ ಜೇಡರ ಬಲೆ. ಆ ಬಲೆಗಳನ್ನು ಬೇಕೆಂದೇ ಗುಡಿಸುವುದಿಲ್ಲ. ಕಾರ್ಕನ್ನು ಕೊರೆಯುವ ಪತಂಗಗಳನ್ನು ಜೇಡ ತಿನ್ನುತ್ತದೆ ಎಂಬುದು ಅವರು ಕೊಡುವ ಕಾರಣ. ನೋಡುಗರಿಗೆ ಇದು ನಾಟಕದ ರಂಗಸಜ್ಜಿಕೆಯಂತೆ ಕಾಣಬಹುದು, ಸ್ವಲ್ಪ ಮಟ್ಟಿಗೆ ಈಗ ಹಾಗೆಯೂ ಆಗಿರಬಹುದು. ಆದರೆ ತೇವ ಉಳಿಸಿಕೊಂಡ ಆ ಮಾಳಿಗೆ ಇಲ್ಲದಿದ್ದರೆ ಆರು ವರ್ಷದಲ್ಲಿ ಪೀಪಾಯಿಯಿಂದ ಆವಿಯಾಗುವ ವೈನಿನ ಪಾಲು ಬಹಳ ಹೆಚ್ಚುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಇನ್ನು ತೋಟ. ಆರೋ ಪಟ್ಟಣದ ಪಕ್ಕದಲ್ಲಿ ಎಬ್ರೋ ನದಿ ದೊಡ್ಡದಾಗಿ ಬಳಸಿ ಹರಿಯುತ್ತದೆ. ಆ ಬಳಸಿನ ಒಳಗೆ, ನದಿಯ ಬಲದಂಡೆಯಲ್ಲಿ, ನೂರು ಹೆಕ್ಟೇರಿಗೂ ಮಿಕ್ಕಿ ಹರಡಿಕೊಂಡ ಒಂದೇ ತೋಟ ತೊಂದೋನಿಯಾ. ಮೂರು ಕಡೆ ನದಿ, ಉತ್ತರಕ್ಕೆ ಆಚೆ ದಡದ ಹಿಂದೆ ಸಿಯೆರಾ ದೆ ಕಾಂತಾಬ್ರಿಯಾ ಬೆಟ್ಟಗಳ ಬೂದುಬಣ್ಣದ ಗೋಡೆ. ಅಟ್ಲಾಂಟಿಕ್ ಕಡೆಯಿಂದ ಬರುವ ತಣ್ಣನೆಯ ಮಳೆಗಾಳಿಯ ಬಹುಪಾಲನ್ನು ಆ ಬೆಟ್ಟಗಳು ತಡೆಯುತ್ತವೆ, ಪೂರ್ತಿ ತಡೆಯುವುದಿಲ್ಲ. ಆ ಉಳಿದ ತಂಪೇ ರಿಯೋಹಾದ ಪಶ್ಚಿಮ ಭಾಗವಾದ ರಿಯೋಹಾ ಆಲ್ತಾದ ದ್ರಾಕ್ಷಿಯಲ್ಲಿ ಹುಳಿಯನ್ನು ಕಾಪಾಡುತ್ತದೆ. ಪೂರ್ವಕ್ಕೆ ಹೋದಂತೆ ಮೆಡಿಟರೇನಿಯನ್ನಿನ ಬಿಸಿ ಹೆಚ್ಚುತ್ತದೆ, ದ್ರಾಕ್ಷಿ ಬೇಗ ಹಣ್ಣಾಗುತ್ತದೆ, ಹುಳಿ ಇಳಿಯುತ್ತದೆ. ತೊಂದೋನಿಯಾದ ಮಣ್ಣು ನದಿ ತಂದ ಮೆಕ್ಕಲು ಮತ್ತು ಜೇಡಿಮಣ್ಣು, ಅದರಲ್ಲಿ ಸುಣ್ಣಕಲ್ಲಿನ ಅಂಶ ಬಹಳ. ಬೇಸಿಗೆಯಲ್ಲಿ ಸಾಲುಗಳ ನಡುವಿನ ನೆಲ ಬಿಳಿಚಿಕೊಂಡು, ಉರುಟು ಕಲ್ಲುಗಳಿಂದ ತುಂಬಿರುತ್ತದೆ. ಬಳ್ಳಿಗಳನ್ನು ತಂತಿಗೆ ಹಬ್ಬಿಸದೆ, ಗಿಡ್ಡ ಕಾಂಡದ ಮೇಲೆ ಬಟ್ಟಲಿನಾಕಾರಕ್ಕೆ ಕವಲೊಡೆಸುವ ಹಳೆಯ ಕ್ರಮವಿದೆ. ತನ್ನ ಎಲೆಯ ನೆರಳಲ್ಲೇ ಗೊಂಚಲು ಅಡಗಿರುವುದರಿಂದ ಬಿಸಿಲಿನ ವರ್ಷದಲ್ಲಿ ಹಣ್ಣು ಸುಡುವುದು ಕಡಿಮೆ. 2011ರಂಥ ವರ್ಷದಲ್ಲಿ ಇದು ಸಣ್ಣ ಅನುಕೂಲವೇನಲ್ಲ.

ತೋಟದಲ್ಲಿ ನಾಲ್ಕು ಬಗೆಯ ಕಪ್ಪು ದ್ರಾಕ್ಷಿಗಳಿವೆ, ನಾಲ್ಕೂ ವೈನಿನಲ್ಲಿವೆ. ಸುಮಾರು ಮುಕ್ಕಾಲು ಪಾಲು ತೆಂಪ್ರಾನಿಯೋ. ಉಳಿದದ್ದು ಗಾರ್ನಾಚಾ, ಗ್ರಾಸಿಯಾನೋ, ಮಾಸುಯೆಲೋ. ತೆಂಪ್ರಾನಿಯೋ ಬೇಗ ಮಾಗುವ, ಹದವಾದ ಒಗರಿನ, ಆದರೆ ಹುಳಿಯಲ್ಲಿ ಅಷ್ಟೇನೂ ಗಟ್ಟಿಯಲ್ಲದ ದ್ರಾಕ್ಷಿ. ಅದೊಂದನ್ನೇ ಆರು ವರ್ಷ ಪೀಪಾಯಿಯಲ್ಲಿಟ್ಟರೆ ಸೊರಗುವ ಅಪಾಯವಿದೆ. ಗಾರ್ನಾಚಾ ಮೈಯನ್ನೂ ಆಲ್ಕೋಹಾಲನ್ನೂ ಕೊಡುತ್ತದೆ. ಗ್ರಾಸಿಯಾನೋ ಮತ್ತು ಮಾಸುಯೆಲೋ ತಡವಾಗಿ ಮಾಗುವ, ಬೆಳೆಗಾರನ ತಾಳ್ಮೆ ಪರೀಕ್ಷಿಸುವ ತಳಿಗಳು, ಆದರೆ ಹುಳಿಯೂ ಬಣ್ಣವೂ ಅವುಗಳಲ್ಲಿ ತುಂಬ. ಇಪ್ಪತ್ತನೆಯ ಶತಮಾನದ ದ್ವಿತೀಯಾರ್ಧದಲ್ಲಿ ರಿಯೋಹಾದ ಬೆಳೆಗಾರರು ಇಳುವರಿಯ ಆಸೆಗೆ ಈ ತಡವಾದ ತಳಿಗಳನ್ನು ಕಿತ್ತು ತೆಂಪ್ರಾನಿಯೋ ನೆಟ್ಟರು. ಇಂದು ಪ್ರಾಂತ್ಯದ ತೋಟಗಳಲ್ಲಿ ಅದರದೇ ಏಕಚಕ್ರಾಧಿಪತ್ಯ. ನನ್ನ ಅಭಿಪ್ರಾಯದಲ್ಲಿ ತೊಂದೋನಿಯಾದ ದೀರ್ಘಾಯುಷ್ಯಕ್ಕೆ ಹೆಚ್ಚಿನ ಮನ್ನಣೆ ಸಲ್ಲಬೇಕಾದದ್ದು ಪೀಪಾಯಿಗಿಂತ ಈ ಸಣ್ಣ ಪಾಲಿನ ಮೊಂಡು ದ್ರಾಕ್ಷಿಗಳಿಗೆ.

ಇಂಥ ತೋಟ ಇಲ್ಲಿ ಹುಟ್ಟಿದ್ದಕ್ಕೆ ಫ್ರಾನ್ಸಿನ ಒಂದು ಅನಾಹುತ ಕಾರಣ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಬೇರುಹೇನು ಅಲ್ಲಿನ ದ್ರಾಕ್ಷಿ ತೋಟಗಳನ್ನು ನಾಶ ಮಾಡುತ್ತ ಬಂದಾಗ ಬೋರ್ದೋದ ವ್ಯಾಪಾರಿಗಳು ವೈನು ಹುಡುಕಿಕೊಂಡು ಪಿರನೀಸ್ ಪರ್ವತಗಳ ಈಚೆಗೆ ಬಂದರು. ಆರೋ ಪಟ್ಟಣಕ್ಕೆ ಆಗಲೇ ಬಿಲ್ಬಾವೋ ಬಂದರಿನತ್ತ ಹೋಗುವ ರೈಲು ಬಂದಿತ್ತು. ರೈಲು ನಿಲ್ದಾಣದ ಸುತ್ತಲೇ ವೈನು ತಯಾರಕರು ಒಬ್ಬರ ಪಕ್ಕ ಒಬ್ಬರು ನೆಲೆಯೂರಿದರು. ಆ ನಿಲ್ದಾಣದ ಬಡಾವಣೆ ಇಂದಿಗೂ ಇದೆ, ಕೂನೆ, ಲಾ ರಿಯೋಹಾ ಆಲ್ತಾ, ಮೂಗಾ ಮುಂತಾದ ದೊಡ್ಡ ಹೆಸರುಗಳೆಲ್ಲ ಕೂಗಳತೆಯಲ್ಲಿವೆ. ರಾಫಾಯೆಲ್ ಲೋಪೆಸ್ ದೆ ಎರೆದಿಯಾ ತನ್ನ ಕಟ್ಟಡಕ್ಕೆ ಅಡಿಪಾಯ ಹಾಕಿದ್ದು 1877ರಲ್ಲಿ. ರಿಯೋಹಾದವರಿಗೆ ಲಾಭದ ದಿನಗಳನ್ನು ತಂದ ಅದೇ ಹೇನು ಶತಮಾನದ ತಿರುವಿನಲ್ಲಿ ರಿಯೋಹಾಕ್ಕೂ ಬಂತು, ಇಲ್ಲಿನ ತೋಟಗಳೂ ಸತ್ತವು. ರಾಫಾಯೆಲ್ ತೊಂದೋನಿಯಾ ತೋಟವನ್ನು ಕಟ್ಟಿದ್ದು ಅದಾದ ಮೇಲೆ, 1913–14ರಲ್ಲಿ, ಹೇನಿಗೆ ಬಗ್ಗದ ಅಮೆರಿಕದ ಬೇರಿಗೆ ಸ್ಪೇನಿನ ಬಳ್ಳಿಯನ್ನು ಕಸಿ ಮಾಡುವ ಕಾಲದಲ್ಲಿ. ಹೇನು ಬಂದದ್ದು ಅಮೆರಿಕದಿಂದ, ಅದಕ್ಕೆ ಪರಿಹಾರವಾದ ಬೇರು ಬಂದದ್ದೂ ಅಮೆರಿಕದಿಂದ, ಪೀಪಾಯಿಯ ಮರ ಬರುವುದೂ ಅಲ್ಲಿಂದಲೇ. ಅಪ್ಪಟ ಸ್ಪೇನಿನದು ಎಂದು ಹೊಗಳಿಸಿಕೊಳ್ಳುವ ಈ ವೈನಿನ ಬುಡದಲ್ಲೂ ಹೊರಮೈಯಲ್ಲೂ ಇನ್ನೊಂದು ಖಂಡವಿದೆ.

ಇಲ್ಲಿ ರಿಯೋಹಾದ ನಿಯಮಗಳ ಮೇಲೆ ಒಂದು ಆಕ್ಷೇಪಣೆಯನ್ನು ಎತ್ತಲೇಬೇಕು. 1925ರಲ್ಲಿ ಸ್ಪೇನಿನಲ್ಲೇ ಮೊದಲಾಗಿ ಮೂಲಸ್ಥಾನದ ಮಾನ್ಯತೆ ಪಡೆದ, 1991ರಲ್ಲಿ ಅದರ ಮೇಲಿನ ಶ್ರೇಣಿಗೂ ಮೊದಲಾಗಿ ಏರಿದ ಪ್ರಾಂತ್ಯವಿದು. ಆದರೂ ದಶಕಗಟ್ಟಲೆ ಕಾಲ ಅದು ಗುಣಮಟ್ಟವನ್ನು ಅಳೆದದ್ದು ತಿಂಗಳುಗಳ ಲೆಕ್ಕದಲ್ಲಿ. ಹಲವು ಊರುಗಳ ದ್ರಾಕ್ಷಿಯನ್ನು ಬೆರೆಸಿ, ಹೊಸ ಪೀಪಾಯಿಯಲ್ಲಿ ಒಂದು ವರ್ಷ ಕೂಡಿಹಾಕಿ, ವೆನಿಲಾ ತುಂಬಿದ ವೈನು ಮಾಡಿದವನಿಗೂ ರೆಸೆರ್ವಾ. ಒಂದೇ ತೋಟದ ಹಣ್ಣನ್ನು ಆರು ವರ್ಷ ಸಾಕಿದವನಿಗೂ ರೆಸೆರ್ವಾ. ಗ್ರಾಹಕನಿಗೆ ಚೀಟಿಯಿಂದ ವ್ಯತ್ಯಾಸ ತಿಳಿಯುವುದಿಲ್ಲ. 2017ರಲ್ಲಿ ಮಂಡಳಿ ವಿನ್ಯೇದೋ ಸಿಂಗುಲಾರ್ ಎಂಬ ಹೊಸ ವರ್ಗವನ್ನು ತಂದು, ಕನಿಷ್ಠ 35 ವರ್ಷ ಹಳೆಯ ಬಳ್ಳಿಗಳಿರುವ ಒಂಟಿ ತೋಟದ ಹೆಸರನ್ನು ಮಾನ್ಯಮಾಡಲು ಒಪ್ಪಿಕೊಂಡಿತು. ತೋಟದ ಹೆಸರನ್ನೇ ವೈನಿನ ಹೆಸರಾಗಿಸಿಕೊಂಡ ಒಂದು ಮನೆ ಆರೋದಲ್ಲಿ ನೂರು ವರ್ಷದಿಂದ ಇದೆ ಎಂಬುದನ್ನು ನೆನೆದರೆ, ಇಷ್ಟು ತಡವೇಕಾಯಿತೆಂದು ಕೇಳದಿರುವುದು ಕಷ್ಟ.

ಈ ಮಾತಿನ ಇನ್ನೊಂದು ಮುಖವನ್ನೂ ಹೇಳಬೇಕು. 1990ರ ದಶಕದಲ್ಲಿ ರಿಯೋಹಾದ ಹಲವು ತಯಾರಕರು ಹಳೆಯ ಶೈಲಿಯನ್ನು ಕೈಬಿಟ್ಟು, ಫ್ರಾನ್ಸಿನ ಹೊಸ ಓಕು, ಕಡುಬಣ್ಣ, ಗಟ್ಟಿ ಹಣ್ಣಿನ ದಾರಿ ಹಿಡಿದರು. ಹಳೆಯ ಶೈಲಿಯ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಎಷ್ಟೋ ವೈನು ನಿಜಕ್ಕೂ ದಣಿದದ್ದು, ಕೊಳಕು ಪೀಪಾಯಿಯ ವಾಸನೆ ಹೊತ್ತದ್ದು ಆಗಿತ್ತು. ಆ ಬಂಡಾಯಕ್ಕೆ ಕಾರಣವಿತ್ತು. ದೀರ್ಘಕಾಲ ಪೀಪಾಯಿಯಲ್ಲಿಡುವುದು ತನ್ನಷ್ಟಕ್ಕೆ ಸದ್ಗುಣವಲ್ಲ. ದುರ್ಬಲ ದ್ರಾಕ್ಷಿಯ ದೌರ್ಬಲ್ಯವನ್ನು ಅದು ಇನ್ನಷ್ಟು ಎದ್ದು ಕಾಣಿಸುತ್ತದೆ. ಹಾಗಾಗಿ ತೊಂದೋನಿಯಾವನ್ನು ನಾನು ಮೆಚ್ಚುವುದು ಸಂಪ್ರದಾಯವನ್ನು ಪಾಲಿಸಿತೆಂಬ ಕಾರಣಕ್ಕಲ್ಲ, ಆ ಸಂಪ್ರದಾಯವನ್ನು ಹೊರಬಲ್ಲ ಹಣ್ಣು ಅದರ ಬಳಿ ಇದೆಯೆಂಬ ಕಾರಣಕ್ಕೆ.

ದೋಷಗಳಿಲ್ಲವೇ ಎಂದರೆ, ಇವೆ. ಮೊದಲ ಲೋಟದಲ್ಲಿ ಮೂಗಿಗೆ ತಾಗುವ ಚುರುಕು, ವಾರ್ನಿಷ್ ನೆನಪಿಸುವ ಒಂದು ಎಳೆ ದೀರ್ಘಕಾಲ ಪೀಪಾಯಿಯಲ್ಲಿ ಇದ್ದ ವೈನುಗಳಿಗೆ ಸಹಜ. 2011ರಲ್ಲಿ ಅದು ಮಿತಿಯೊಳಗಿದೆ, ಆದರೆ ಇದೆ. ಹಣ್ಣಿನ ರಸ ಬಾಯ್ತುಂಬ ಬೇಕೆನ್ನುವವರಿಗೆ, ಮೃದುವಾದ ಸಿಹಿ ಕೊನೆ ಬೇಕೆನ್ನುವವರಿಗೆ ಇದು ತೆಳ್ಳಗೆ, ಹುಳಿಯಾಗಿ, ಏನೋ ಕಳೆದುಕೊಂಡಂತೆ ಕಾಣಿಸುತ್ತದೆ, ಅವರನ್ನು ತಪ್ಪೆನ್ನಲಾಗದು. ಸೋಸದ ಕಾರಣ ತಳದಲ್ಲಿ ಗಸಿ ಇರುತ್ತದೆ. ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಟ್ಟು, ಕೊನೆಯ ಒಂದು ಬೆರಳಿನಷ್ಟನ್ನು ಸುರಿಯದೆ ಬಿಡುವುದು ಒಳ್ಳೆಯದು. ಎರಡು ಗಂಟೆ ಮೊದಲು ಡಿಕ್ಯಾಂಟರಿಗೆ, ಅಂದರೆ ವೈನಿಗೆ ಗಾಳಿಯಾಡಿಸುವ ಗಾಜಿನ ಹೂಜಿಗೆ, ಇಳಿಸಬೇಕೆಂದು ಹಲವರು ಹೇಳುತ್ತಾರೆ. ನಾನು ಬಾಟಲಿಯಿಂದ ನೇರವಾಗಿ, ನಿಧಾನವಾಗಿ ಕುಡಿಯುವುದನ್ನೇ ಸೂಚಿಸುತ್ತೇನೆ, ಏಕೆಂದರೆ ಮೇಲೆ ಹೇಳಿದ ಆ ತಿರುವು ಲೋಟದಲ್ಲೇ ನಡೆಯಬೇಕು. ತೀರ ಬೆಚ್ಚಗಿದ್ದರೆ ಚುರುಕು ಎದ್ದು ಕಾಣುತ್ತದೆ. 16 ಡಿಗ್ರಿಯ ಆಸುಪಾಸು ಸರಿಯಾದ ಹದ.

ಇದಕ್ಕೆ ಜೊತೆಯಾಗುವ ಊಟವನ್ನು ಹುಡುಕಲು ರಿಯೋಹಾದಿಂದ ಹೊರಗೆ ಹೋಗಬೇಕಿಲ್ಲ. ಚಳಿಗಾಲದಲ್ಲಿ ಸವರಿದ ದ್ರಾಕ್ಷಿ ಕಡ್ಡಿಗಳನ್ನು ಉರಿಸಿ, ಕೆಂಡದ ಮೇಲೆ ಎಳೆ ಕುರಿಯ ಸಣ್ಣ ಚಾಪುಗಳನ್ನು ಸುಡುವುದು ಅಲ್ಲಿನ ರೂಢಿ. ಕೊಬ್ಬು ಗರಿಯಾಗುವಷ್ಟು, ಒಳಗೆ ಕೆಂಪು ಉಳಿಯುವಷ್ಟು ಸುಟ್ಟು, ಮೇಲೆ ಹರಳುಪ್ಪು ಬಿಟ್ಟರೆ ಬೇರೇನೂ ಇಲ್ಲ. ಆ ಕೊಬ್ಬಿನ ಮುಂದೆ ವೈನಿನ ಹುಳಿ ದೋಷವಾಗಿ ಕಾಣುವುದಿಲ್ಲ, ಅಗತ್ಯವಾಗಿ ಕಾಣುತ್ತದೆ. ಹೊಗೆಯ ವಾಸನೆಗೂ ವೈನಿನ ಹೊಗೆಸೊಪ್ಪಿನ ಘಮಕ್ಕೂ ಹೊಂದಿಕೆಯಾಗುತ್ತದೆ. ಆಲೂಗಡ್ಡೆಯನ್ನು ಚೋರಿಸೋ ಸಾಸೇಜಿನೊಡನೆ ಬೇಯಿಸುವ ಅಲ್ಲಿನ ಸಾರಿನೊಡನೆ ಇದು ಅಷ್ಟಾಗಿ ಹೊಂದುವುದಿಲ್ಲ. ಕೆಂಪುಮೆಣಸಿನ ಪುಡಿಯ ಖಾರ ಸೂಕ್ಷ್ಮ ಘಮಗಳನ್ನೆಲ್ಲ ಮುಚ್ಚಿಬಿಡುತ್ತದೆ. ಅದಕ್ಕೆ ಕಡಿಮೆ ಬೆಲೆಯ ಎಳೆಯ ವೈನೇ ಸರಿ. (ಪ್ರತಿ ವರ್ಷ ಜೂನ್ 29ರಂದು ಆರೋದ ಜನ ಊರಾಚೆಯ ಬಿಲಿಬಿಯೋ ಬಂಡೆಗಳ ಬಳಿ ಸೇರಿ ಬಕೆಟ್ಟುಗಟ್ಟಲೆ ಕೆಂಪು ವೈನನ್ನು ಒಬ್ಬರ ಮೇಲೊಬ್ಬರು ಎರಚಿಕೊಳ್ಳುತ್ತಾರೆ. ಅಲ್ಲಿಗೆ ಯಾರೂ ತೊಂದೋನಿಯಾ ಒಯ್ಯುವುದಿಲ್ಲವೆಂದು ನಂಬೋಣ.)

ಅದೇ ಮನೆಯ ಇತರ ಕೆಂಪು ವೈನುಗಳ ಪಕ್ಕದಲ್ಲಿಟ್ಟು ನೋಡಿದರೆ ತೊಂದೋನಿಯಾ ತೋಟದ ಗುಣ ಇನ್ನಷ್ಟು ಸ್ಪಷ್ಟವಾಗುತ್ತದೆ. ವಿನ್ಯಾ ಬೊಸ್ಕೋನಿಯಾ ರೆಸೆರ್ವಾ ಬೇರೆ ತೋಟದ್ದು. ಸಿಯೆರಾ ದೆ ಕಾಂತಾಬ್ರಿಯಾದ ಬುಡಕ್ಕೆ ಇನ್ನೂ ಹತ್ತಿರವಿರುವ ಎಲ್ ಬೊಸ್ಕೆ ಎಂಬಲ್ಲಿನ ಹಣ್ಣು, ತೆಂಪ್ರಾನಿಯೋ ಪಾಲು ತುಸು ಹೆಚ್ಚು, ಪೀಪಾಯಿಯಲ್ಲಿ ಸುಮಾರು ಐದು ವರ್ಷ. ಅದನ್ನು ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಇಳಿಜಾರು ಭುಜದ ಬಾಟಲಿಯಲ್ಲಿ ತುಂಬುತ್ತಾರೆ, ತೊಂದೋನಿಯಾವನ್ನು ಬೋರ್ದೋದ ನೆಟ್ಟನೆಯ ಭುಜದ ಬಾಟಲಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಗ್ರಾಹಕರಿಗೆ ಶೈಲಿಯನ್ನು ಸೂಚಿಸಲು ಹುಟ್ಟಿದ ಈ ಭೇದ ಇಂದಿಗೂ ರುಚಿಯಲ್ಲಿ ನಿಜ: ಬೊಸ್ಕೋನಿಯಾ ದುಂಡಗೆ, ಹಣ್ಣಾಗಿ, ಬೇಗ ಬಾಯಿಗೊಗ್ಗುವಂಥದ್ದು, ತೊಂದೋನಿಯಾ ನೇರ, ಬಿಗಿ, ನಿಧಾನ. ಈ ಶೈಲಿಗೆ ಹೊಸಬರಾದವರು ಕಡಿಮೆ ಬೆಲೆಯ ವಿನ್ಯಾ ಕುಬಿಯೋ ಕ್ರಿಯಾನ್ಸಾದಿಂದ ಶುರುಮಾಡಬಹುದು. ಅದೂ ನಿಯಮ ಕೇಳುವುದಕ್ಕಿಂತ ಬಹಳ ಹೆಚ್ಚು ಕಾಲ ಪೀಪಾಯಿಯಲ್ಲಿ ಇದ್ದದ್ದೇ. ಗ್ರಾನ್ ರೆಸೆರ್ವಾ ಆಯ್ದ ವರ್ಷಗಳಲ್ಲಿ ಮಾತ್ರ ಬರುತ್ತದೆ, ಬೆಲೆ ಬೇರೆಯದೇ ಲೋಕದ್ದು, ಸಿಗುವುದೂ ಅಪರೂಪ.

ರೆಸೆರ್ವಾದ ಬೆಲೆ ಸ್ಪೇನಿನ ಅಂಗಡಿಗಳಲ್ಲಿ 40 ಯೂರೋ ಆಸುಪಾಸಿನಲ್ಲಿ ಓಲಾಡುತ್ತದೆ. ಹತ್ತು ವರ್ಷಕ್ಕೂ ಮಿಕ್ಕಿ ಬಂಡವಾಳವನ್ನು ಕತ್ತಲೆ ಮಾಳಿಗೆಯಲ್ಲಿ ಕೂಡಿಹಾಕಿ, ಕುಡಿಯಲು ಸಿದ್ಧವಾದ ಮೇಲೆಯೇ ಹೊರಬಿಡುವ ವೈನಿಗೆ ಇದು ದುಬಾರಿಯಲ್ಲ. ಬೋರ್ದೋದಲ್ಲಾಗಿದ್ದರೆ ಈ ಕಾಯುವ ಖರ್ಚು ಕೊಂಡವನ ತಲೆಗೇ ಬೀಳುತ್ತಿತ್ತು. ಆರೋಕ್ಕೆ ಹೋದವರು ಸಂಸ್ಥೆಯ ಅಂಗಡಿಯನ್ನು ನೋಡದೆ ಬರಬಾರದು: 1910ರ ಬ್ರಸೆಲ್ಸ್ ವಿಶ್ವ ಪ್ರದರ್ಶನಕ್ಕೆಂದು ಮಾಡಿಸಿದ ಮರದ ಮಳಿಗೆಯನ್ನು ಒಳಗಿಟ್ಟುಕೊಂಡು, ಅದರ ಸುತ್ತ ವಾಸ್ತುಶಿಲ್ಪಿ ಝಹಾ ಹದೀದ್ ಕಟ್ಟಿಕೊಟ್ಟ ಲೋಹದ ಕವಚ ಅದು. ಹೊಸತಕ್ಕೆ ಜಾಗವೇ ಇಲ್ಲದ ಮನೆಯೆಂಬ ಆಪಾದನೆಗೆ ಅದೊಂದೇ ಉತ್ತರ ಸಾಕು.

2011ರ ರೆಸೆರ್ವಾವನ್ನು ಈಗ ಕುಡಿಯಬಹುದು. ತಂಪಾದ, ಕತ್ತಲಿರುವ ಜಾಗವಿದ್ದರೆ ಇನ್ನೂ ಹತ್ತು ವರ್ಷ ಇಡುವುದಕ್ಕೂ ಅಂಜಬೇಕಿಲ್ಲ. ಹುಳಿ ಅಷ್ಟು ಗಟ್ಟಿಯಾಗಿದೆ. ಎರಡು ಬಾಟಲಿ ಕೊಳ್ಳುವ ಶಕ್ತಿಯಿದ್ದವರು ಒಂದನ್ನು ಕುರಿಮಾಂಸದ ಜೊತೆ ಈಗಲೇ ತೆರೆಯಲಿ, ಇನ್ನೊಂದನ್ನು ಮಲಗಿಸಿಡಲಿ. ಒಂದೇ ಕೊಳ್ಳುವವರು, ಮತ್ತು ಮೃದುವಾದ ವೈನನ್ನು ಇಷ್ಟಪಡುವವರು, ಅದೇ ವರ್ಷದ ಬೊಸ್ಕೋನಿಯಾ ಸಿಕ್ಕರೆ ಅದನ್ನೇ ಆರಿಸಿಕೊಳ್ಳುವುದು ಉತ್ತಮ.